ಪಡಸಾಲಿಯ ಕವಡಿ, ಬಯಲಿನ ಕಿರೀಟ

ಬಾಗಲಕೋಟೆ ಸೀಮೆಯಲ್ಲಿ ಚೌಕಾಬಾರಾ ಆಡಲು ನಾಲ್ಕು ಜನ ಕೂತರೆ ಕವಡಿ ಹಾಕುವ ಮೊದಲೇ ಜಗಳ ಶುರುವಾಗುತ್ತದೆ. ‘ಎಂಟು ಬಿದ್ದರ ಮತ್ತ ಹಾಕೂದೈತೋ ಇಲ್ಲೋ?’ ‘ಒಂದರ ಕಾಯಿ ಕಡೀದ ಒಳಗ ಬಿಡಂಗಿಲ್ಲ, ಈಗs ಹೇಳೇನಿ.’ ‘ಜೋಡಿ ಕಾಯಿ ಕಡಿಬೌದೇನ?’ ಹುನಗುಂದದಿಂದ ಬಂದ ಸೊಸೆಯ ಲೆಕ್ಕ ಒಂದಾದರೆ ಬಾದಾಮಿ ಕಡೆಯ ಅತ್ತೆಯ ಲೆಕ್ಕ ಇನ್ನೊಂದು. ಇಳಕಲ್ಲಿನಿಂದ ಪಂಚಮಿಗೆ ಬಂದ ಅಳಿಯನನ್ನು ಕೇಳಿದರೆ ಇಬ್ಬರದೂ ತಪ್ಪು. ಕೊನೆಗೆ ಮನೆಯ ಹಿರಿಯಳೊಬ್ಬಳು ‘ಈ ಮನ್ಯಾಗ ಹಿಂಗs ಆಡೂದು’ ಎಂದು ಫೈಸಲಾ ಕೊಟ್ಟ ಮೇಲೆಯೇ ಮೊದಲ ಗರ ಬೀಳುವುದು.

ಇದೇ ಜಗಳವನ್ನು ಅಮೆರಿಕದಲ್ಲಿ ಐವತ್ತು ವರ್ಷಗಳಿಂದ ಆಡುತ್ತ ಬಂದಿದ್ದಾರೆ. ಅಲ್ಲಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಅಚ್ಚಾಯಿತು. ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಮಂತ್ರವಾದಿ, ಒಬ್ಬ ಯೋಧ, ಒಬ್ಬ ಕಳ್ಳ. ಇನ್ನೊಬ್ಬ ಕತೆ ನಡೆಸುವವ. ಏನಾಯಿತೆಂದು ತೀರ್ಮಾನ ಮಾಡುವುದು ದಾಳ. ಅಂದಿನಿಂದ ಆ ಆಟಕ್ಕೆ ಹಲವು ಆವೃತ್ತಿಗಳು ಬಂದವು, ಪ್ರತಿಯೊಂದಕ್ಕೂ ಅದರದೇ ಭಕ್ತರು. ಹೊಸ ಪುಸ್ತಕ ಬಂದಾಗಲೆಲ್ಲ ‘ಹಳೇದೇ ಚಲೋ ಇತ್ತು’ ಎನ್ನುವವರ ಗುಂಪು ಬೆಳೆಯುತ್ತ ಹೋಯಿತು. ಅಲ್ಲಿ ಒಂದೇ ಪೆಟ್ಟಿಗೆಯಲ್ಲಿ ಕೂಡಿಬಂದ ಎರಡು ಸಂಗತಿಗಳು, ಅಂದರೆ ದಾಳದ ಲೆಕ್ಕ ಮತ್ತು ಪಾತ್ರದ ಮಾತು, ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ನಡುವಿನ ಈ ನೆಲದಲ್ಲಿ ಎಂದಿನಿಂದಲೋ ಇದ್ದವು. ಆದರೆ ಅವು ಬೇರೆ ಬೇರೆ ಜಾಗದಲ್ಲಿದ್ದವು. ದಾಳ ಮನೆಯೊಳಗೆ, ಪಡಸಾಲಿಯಲ್ಲಿ. ಪಾತ್ರ ಊರ ಹೊರಗೆ, ಬಯಲಿನಲ್ಲಿ.

ಮೊದಲು ಪಡಸಾಲಿಯ ಸಂಗತಿ.

ಐದಕ್ಕೆ ಐದರ ಮನೆ. ಶಹಾಬಾದ ಕಲ್ಲಿನ ನೆಲವಿದ್ದರೆ ಖಡುವಿನಲ್ಲಿ ಗೆರೆ, ಸಾರಿಸಿದ ನೆಲವಾದರೆ ಇದ್ದಿಲಿನಲ್ಲಿ. ನಾಲ್ಕು ಬದಿಯ ನಟ್ಟನಡುವಿನ ಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕುತ್ತಾರೆ. ಅವು ಕಟ್ಟೆಗಳು, ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಒಬ್ಬರದು ಬಳೆಚೂರು, ಒಬ್ಬರದು ಹರಳು, ಒಬ್ಬರದು ಕಡಲೆಕಾಳು, ಕೈಗೆ ಏನು ಸಿಕ್ಕಿತೋ ಅದು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ತನ್ನ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿನಲ್ಲಿ ದಿಕ್ಕು ಬದಲಿಸಿ ತಿರುಗಿ, 24ನೆಯ ಹೆಜ್ಜೆಗೆ ನಡುಮನೆ ಸೇರಿ ಹಣ್ಣಾಗುತ್ತದೆ. ನಾಲ್ಕೂ ಹಣ್ಣಾಗಲು 96 ಹೆಜ್ಜೆ.

ಗರ ಹಾಕಲು ನಾಲ್ಕು ಕವಡಿ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು: ಒಂದು, ಎರಡು, ಮೂರು. ನಾಲ್ಕೂ ಬಾಯಿ ಮೇಲಾದರೆ ಚೌಕಾ, ನಾಲ್ಕು. ನಾಲ್ಕೂ ಬೋರಲಾದರೆ ಬಾರಾ, ಎಂಟು. ಕವಡಿ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಹದಿನಾರು ಸಲಕ್ಕೆ ಒಮ್ಮೆ ಚೌಕಾ, ಒಮ್ಮೆ ಬಾರಾ, ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು. ಸರಾಸರಿ ತೆಗೆದರೆ ಗರಕ್ಕೆ ಎರಡೂವರೆ ಹೆಜ್ಜೆ. ಯಾರೂ ಕಡಿಯದಿದ್ದರೆ 38–39 ಗರಕ್ಕೆ ಆಟ ಮುಗಿಯಬೇಕು. ಮುಗಿಯುವುದಿಲ್ಲ, ಯಾಕೆಂದರೆ ಕಡಿಯುತ್ತಾರೆ. ಕಡಿಸಿಕೊಂಡ ಕಾಯಿ ಮೊದಲಿನಿಂದ ನಡೆಯಬೇಕು. ಇನ್ನು ಕವಡಿ ಸಮನಾಗಿ ಬೀಳುತ್ತದೆ ಎಂಬುದೂ ಪುಸ್ತಕದ ಮಾತು. ಪ್ರತಿ ಕವಡಿಗೂ ತನ್ನ ಗೂನು, ತನ್ನ ತೂಕ. ಕವಡಿ ಇಲ್ಲದ ಮನೆಯಲ್ಲಿ ಹುಣಸಿ ಬೀಜವನ್ನು ಎರಡಾಗಿ ಸೀಳಿ, ಬಿಳಿ ಮೈಯನ್ನು ಕಲ್ಲಿಗೆ ಉಜ್ಜಿ ಸಪಾಟು ಮಾಡುತ್ತಾರೆ. ಉಜ್ಜಿದಷ್ಟೂ ಗರದ ಗುಣ ಬದಲಾಗುತ್ತದೆ. ‘ಇವು ನನ್ನ ಬೀಜ, ನೀ ಮುಟ್ಟಬ್ಯಾಡ’ ಎಂದು ಹುಡುಗಿಯರು ಪುಟ್ಟ ಗಂಟಿನಲ್ಲಿ ಕಟ್ಟಿಡುವುದಕ್ಕೆ ಅದೇ ಕಾರಣ.

ಈ ಆಟದ ಜೀವ ಇರುವುದು ಒಂದು ನಿಯಮದಲ್ಲಿ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಸಾಧುವಾಗಿ, ಯಾರ ತಂಟೆಗೂ ಹೋಗದೆ ಕಟ್ಟೆಯಿಂದ ಕಟ್ಟೆಗೆ ಜಿಗಿದು ಗೆಲ್ಲುವ ದಾರಿಯೇ ಇಲ್ಲ. ಹೊರಸುತ್ತಿನಲ್ಲಿ ಮತ್ತೆ ಮತ್ತೆ ಸುತ್ತಬೇಕು, ಯಾರಾದರೂ ಸಿಗುವವರೆಗೆ. ಇದನ್ನು ಬಿಟ್ಟು ಆಡುವ ಮನೆಗಳೂ ಇವೆ, ಅಲ್ಲಿ ಆಟ ಬೇಗ ಮುಗಿಯುತ್ತದೆ, ರುಚಿಯೂ ಬೇಗ ಮುಗಿಯುತ್ತದೆ. ಮೂರು ಸಲ ಸಾಲಾಗಿ ಚೌಕಾ ಬಿದ್ದರೆ ಅದೆಲ್ಲ ಸುಟ್ಟುಹೋಯಿತೆಂದು ಲೆಕ್ಕ ಹಾಕುವವರಿದ್ದಾರೆ. ಒಂದೇ ಮನೆಯಲ್ಲಿ ತನ್ನ ಎರಡು ಕಾಯಿ ಕೂತರೆ ಅದು ಗಟ್ಟಿ, ಇನ್ನೊಂದು ಗಟ್ಟಿಯಿಂದಲೇ ಕಡಿಯಬೇಕು ಎನ್ನುವವರಿದ್ದಾರೆ. ಏಳಕ್ಕೆ ಏಳರ ದೊಡ್ಡ ಮನೆ ಬರೆದು, ಕವಡಿಗಳನ್ನು ಹೆಚ್ಚಿಸಿ ಮಧ್ಯಾಹ್ನವಿಡೀ ಎಳೆಯುವವರೂ ಉಂಟು. ಎಷ್ಟು ಮನೆತನವೋ ಅಷ್ಟು ಆವೃತ್ತಿ.

ಆಡು-ಹುಲಿಯದೂ ಇದೇ ಕತೆ. ತ್ರಿಕೋನದ ಮೇಲೆ ಅಡ್ಡಗೆರೆ ಎಳೆದ 23 ಬಿಂದುಗಳ ಮನೆಯಲ್ಲಿ ಮೂರು ಹುಲಿ, ಹದಿನೈದು ಆಡು. ಇಲ್ಲಿ ದಾಳವಿಲ್ಲ, ಅದೃಷ್ಟವಿಲ್ಲ. ಒಬ್ಬ ಹುಲಿಯಾಗುತ್ತಾನೆ, ಇನ್ನೊಬ್ಬ ಹಿಂಡಾಗುತ್ತಾನೆ. ಹುಲಿ ಹಾರಿ ತಿನ್ನಬೇಕು, ಹಿಂಡು ಹುಲಿಯನ್ನು ಕಟ್ಟಿಹಾಕಬೇಕು. ಇಬ್ಬರ ಕೈಯಲ್ಲಿರುವ ಕಾಯಿ ಬೇರೆ, ನಡೆ ಬೇರೆ, ಗೆಲ್ಲುವ ಬಗೆಯೂ ಬೇರೆ. ಹುಲಿಯಾದವನು ಗತ್ತಿನಿಂದ ಕೂತು ಎದುರಾಳಿಯನ್ನು ಹೆದರಿಸುತ್ತಾನೆ, ಆಡು ಕಾಯುವವನು ಉಸಿರು ಬಿಗಿಹಿಡಿದು ಒಂದೊಂದೇ ಕಾಯಿ ಇಡುತ್ತಾನೆ. ಪಡಸಾಲಿಯ ಆಟಗಳಲ್ಲಿ ಪಾತ್ರ ಹಾಕುವುದಕ್ಕೆ ತೀರ ಹತ್ತಿರ ಬಂದದ್ದು ಇದೇ ಇರಬೇಕು.

ಇವೆಲ್ಲ ಎಷ್ಟು ಹಳೆಯವು? ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ ಶಾಸನವಿದೆ, ಅದರಿಂದ ಆ ಗುಹೆಗೆ ಕ್ರಿ.ಶ. 578 ಎಂದು ತೇದಿ ಹೇಳಬಹುದು. ಹಾಸುಗಲ್ಲಿನ ಮೇಲೆ ಯಾರೋ ಗೀರಿ ಆಡಿ ಎದ್ದುಹೋದ ಆಟದ ಮನೆಗೆ ತೇದಿ ಹೇಳಲು ಬರುವುದಿಲ್ಲ. ಗುಡಿ ಕಟ್ಟಿದ ಕಲ್ಲುಕುಟಿಗನೇ ಊಟದ ಹೊತ್ತಿಗೆ ಕೊರೆದಿರಬಹುದು, ಸಾವಿರ ವರ್ಷದ ಮೇಲೆ ದನ ಕಾಯುವ ಹುಡುಗ ಕೊರೆದಿರಬಹುದು. ಹಂಪಿಯ ಮಂಟಪಗಳ ನೆಲದಲ್ಲಿ ಇಂಥ ಮನೆಗಳು ರಾಶಿ ಬಿದ್ದಿವೆ. ಸಂಶೋಧಕಿ ಆರ್. ವಸಂತ ಅವುಗಳ ಸಮೀಕ್ಷೆ ನಡೆಸಿ 2003ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಪ್ರವಾಸಿಗರು ಕತ್ತೆತ್ತಿ ಕಂಬ, ಛತ್ತು ನೋಡುತ್ತಾರೆ. ಆಟದ ಚರಿತ್ರೆ ಇರುವುದು ಕಾಲ ಕೆಳಗೆ.

ಕಲ್ಲಿಗೆ ತೇದಿ ಇಲ್ಲದಿದ್ದರೂ ಪುಸ್ತಕಕ್ಕಿದೆ. ಬಾದಾಮಿಯ ಚಾಲುಕ್ಯರನ್ನು ತಮ್ಮ ಪೂರ್ವಜರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಎಂಬ ದೊರೆ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಐದು ವಿಂಶತಿ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಐದನೆಯದು ಕ್ರೀಡಾವಿಂಶತಿ, ಪೂರ್ತಿ ಆಟಗಳಿಗೇ ಮೀಸಲು. ಚತುರಂಗ, ಪಗಡೆ ದಾಳದ ಪಾಶಕ ಕ್ರೀಡೆ, ಕವಡಿಯ ವರಾಟಿಕಾ ಕ್ರೀಡೆ ಎಲ್ಲವೂ ಅಲ್ಲಿವೆ. ಒಗಟು ಹೇಳುವುದಕ್ಕೂ ಒಂದು ಅಧ್ಯಾಯ, ಉಯ್ಯಾಲೆ ಆಡುವುದಕ್ಕೂ ಒಂದು. ನಾಗರಪಂಚಮಿಯ ದಿನ ಬಾಗಲಕೋಟೆ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಬೇವಿನ ಮರಕ್ಕೆ ಜೋಕಾಲಿ, ಅದರ ಬುಡದಲ್ಲಿ ಉಂಡಿ-ಅಳ್ಳು, ಕಟ್ಟೆಯ ಮೇಲೆ ಕವಡಿ. ಗಂಡಸರದು ನಿಂಬೆಹಣ್ಣು ಎಸೆಯುವ ಪಂದ್ಯ, ಕೊಬ್ಬರಿ ಬಟ್ಟಲು ತಿರುಗಿಸುವ ಆಟ. ಒಂದು ರಾಜ್ಯದ ದೊರೆ ಕೂತು ಇಂಥವನ್ನೆಲ್ಲ ವಿಂಗಡಿಸಿ ಬರೆದನೆಂದರೆ ಆಟವನ್ನು ಆ ಕಾಲದವರು ಹಗುರವಾಗಿ ಎಣಿಸಿರಲಿಲ್ಲ. ಆ ಗ್ರಂಥ ಅಚ್ಚಿಗೆ ಬಂದದ್ದು ಮಾತ್ರ ಬಡೋದೆಯಲ್ಲಿ. ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದನೆಯಲ್ಲಿ ಮೊದಲ ಸಂಪುಟ 1925ರಲ್ಲಿ ಹೊರಬಂತು, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ.

ದಕ್ಷಿಣದ ಮೈಸೂರಿಗೆ ಇನ್ನೊಬ್ಬ ಆಟಗಾರ ದೊರೆ ಸಿಕ್ಕ. ಮುಮ್ಮಡಿ ಕೃಷ್ಣರಾಜ ಒಡೆಯರು ಚಿತ್ರ ಬರೆದ ಎಲೆಗಳ ಛದ್ ಆಟಗಳನ್ನು ರೂಪಿಸಿದರು, ಅದರಲ್ಲಿ ಚಾಮುಂಡೇಶ್ವರಿ ಛದ್ ಒಂದಕ್ಕೇ 320 ಎಲೆ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರ ದಾಖಲಾಯಿತು. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡನೆಯ ಸಲ ಮುಟ್ಟದಂತೆ ಹಲಗೆಯ ತುಂಬ ಓಡಿಸುವ ಬಂಧಗಳನ್ನೂ ಅವರು ಕಟ್ಟಿದರು. ಉತ್ತರದಲ್ಲಿ ಕಲ್ಯಾಣದ ಅರಸನ ಮೇಲೆ ಅಂಥವರು ಯಾರೂ ಬರಲಿಲ್ಲ. ಇಲ್ಲಿನ ನಿಯಮಗಳು ಬಾಯಿಂದ ಬಾಯಿಗೆ ದಾಟಿದವು, ದಾಟುವಾಗ ಊರಿಗೊಂದು ಬಣ್ಣ ಪಡೆದವು.

ಪಗಡೆಯ ಗತಿ ಮತ್ತೊಂದು ಬಗೆಯದು. ಬಟ್ಟೆಯ ಮೇಲೆ ಹೊಲಿದ ಶಿಲುಬೆಯಾಕಾರದ ಹಾಸು, ನಾಲ್ಕು ತೋಳು, ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 96. ನಾಲ್ಕು ಬಣ್ಣದ 16 ಕಾಯಿ, ನಾಲ್ಕು ಮುಖದ ಉದ್ದನೆಯ ದಾಳ. ಎದುರುಬದುರು ಕೂತವರು ಜೊತೆಗಾರರು. ತನ್ನ ಕಾಯಿ ಹಣ್ಣಾದರೆ ಸಾಲದು, ಜೊತೆಗಾರನದೂ ಹಣ್ಣಾಗಬೇಕು. ಅದಕ್ಕಾಗಿ ಗೆಲ್ಲುವ ಹಂತದಲ್ಲಿದ್ದ ಕಾಯಿಯನ್ನು ತಡೆದು, ಇನ್ನೊಂದು ಸುತ್ತು ಹೊಡೆಸಿ ಎದುರಾಳಿಯ ದಾರಿಗೆ ಅಡ್ಡ ನಿಲ್ಲಿಸುವ ಜಾಣತನವೂ ಆಟದ ಭಾಗ. ಈ ಆಟ ಹಡಗು ಹತ್ತಿತು. ಅಮೆರಿಕದಲ್ಲಿ ಅದು ಪಾರ್ಚೀಸಿ ಎಂಬ ಹೆಸರಿನಿಂದ 1874ರಲ್ಲಿ ಒಂದು ಕಂಪನಿಯ ಮುದ್ರೆಯ ಸರಕಾಯಿತು. ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದು ಲೂಡೊ ಆಯಿತು. ಉದ್ದನೆಯ ದಾಳ ಹೋಗಿ ಆರು ಮುಖದ ದಾಳ ಬಂತು, ಜೊತೆಗಾರ ಹೋದ, ಸುತ್ತು ಹೊಡೆಯುವ ಹಂಚಿಕೆ ಹೋಯಿತು. ಉಳಿದದ್ದು ದಾಳ ಉರುಳಿಸಿ ಎಣಿಸುವ ಕೆಲಸ. ಅದೇ ಸರಕು ರಟ್ಟಿನ ಹಾಳೆಯಾಗಿ ನಮ್ಮ ಜಾತ್ರೆಗಳಿಗೆ ಮರಳಿ ಬಂತು, 2016ರಲ್ಲಿ ಲೂಡೊ ಕಿಂಗ್ ಆಗಿ ಮೊಬೈಲಿಗೂ ಬಂತು. ಹಾವು-ಏಣಿಗೆ ಆದದ್ದೂ ಅದೇ. ಪರಮಪದ ಸೋಪಾನದ ಹಳೆಯ ಪಟಗಳಲ್ಲಿ ಪ್ರತಿ ಮನೆಗೂ ಒಂದು ಹೆಸರು: ಒಂದು ಗುಣ, ಒಂದು ದೋಷ, ಒಂದು ಲೋಕ. ಆಡುವವನು ಹುಟ್ಟಿನಿಂದ ವೈಕುಂಠದವರೆಗೆ ನಡೆಯುವ ಜೀವ. 72 ಮನೆಯ ವೈಷ್ಣವ ಪಟವಿತ್ತು, 84 ಮನೆಯ ಜೈನ ಪಟವಿತ್ತು. ಇಂಗ್ಲೆಂಡಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಹೆಸರೆಲ್ಲ ಅಳಿಸಿ ಒಂದರಿಂದ ನೂರರವರೆಗಿನ ಅಂಕಿ ಉಳಿಯಿತು. ಹಳೆಯ ಆವೃತ್ತಿ ಮೇಲು ಎನ್ನುವವರನ್ನು ಹಳೇಕಾಲದವರೆಂದು ನಗುವ ಮೊದಲು ಈ ಎರಡು ಆಟಗಳನ್ನು ಎದುರಿಗಿಟ್ಟು ನೋಡಬೇಕು.

ಅಮೆರಿಕದ ಆಟಕ್ಕೆ ಮರಳೋಣ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್, ಮಿನ್ನೆಸೋಟದ ಡೇವ್ ಆರ್ನೆಸನ್ ಇಬ್ಬರೂ ಗೊಂಬೆ ಸೈನ್ಯವಿಟ್ಟು ಯುದ್ಧದಾಟ ಆಡುತ್ತಿದ್ದವರು. ಸೈನ್ಯದ ಬದಲು ಒಬ್ಬನೇ ವೀರನನ್ನು ನಡೆಸಿದರೆ ಹೇಗೆ ಎಂಬ ಯೋಚನೆಯಿಂದ 1974ರ ಜನವರಿಯಲ್ಲಿ ಮೂರು ಪುಟ್ಟ ಹೊತ್ತಿಗೆಗಳ ಒಂದು ಪೆಟ್ಟಿಗೆ ಹೊರಟಿತು. ಮೊದಲ ಮುದ್ರಣ ಸಾವಿರ ಪ್ರತಿ, ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಿದರು. ನಿಯಮಗಳು ಅಲ್ಲಲ್ಲಿ ಅರ್ಧಂಬರ್ಧ. ಓದಿದವರು ತಮಗೆ ತೋಚಿದಂತೆ ತುಂಬಿಕೊಂಡರು, ಹಾಗಾಗಿ ಪ್ರತಿ ಮೇಜಿನ ಆಟವೂ ಬೇರೆಯಾಯಿತು. ಕಂಪನಿ ಇದನ್ನು ಸರಿಪಡಿಸಲು ಹೊರಟು 1977ರಿಂದ ದಪ್ಪ ಪುಸ್ತಕಗಳ ಅಡ್ವಾನ್ಸ್ಡ್ ಆವೃತ್ತಿ ತಂದಿತು, ಹೊಸಬರಿಗಾಗಿ ಬೇಸಿಕ್ ಪೆಟ್ಟಿಗೆಗಳನ್ನೂ ತಂದಿತು. 1989ರಲ್ಲಿ ಎರಡನೆಯ ಆವೃತ್ತಿ, 2000ದಲ್ಲಿ ಮೂರನೆಯದು, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು.

ಮೂರನೆಯ ಆವೃತ್ತಿಯ ಜೊತೆ ಬಂದ ಮುಕ್ತ ಪರವಾನಗಿ ಹಳೆಯದರ ಪ್ರಿಯರಿಗೆ ಬಾಗಿಲು ತೆರೆಯಿತು. ಅದನ್ನು ಆಧಾರ ಮಾಡಿಕೊಂಡು 2006ರಲ್ಲಿ ಓಸ್ರಿಕ್ ಎಂಬ ಪುಸ್ತಕ ಬಂತು, ಮೊದಲ ಅಡ್ವಾನ್ಸ್ಡ್ ಆವೃತ್ತಿಯ ನಿಯಮಗಳನ್ನೇ ಹೊಸ ಮಾತಿನಲ್ಲಿ ಬರೆದದ್ದು. 1981ರ ಬೇಸಿಕ್ ಪೆಟ್ಟಿಗೆಯನ್ನು ಪ್ರೀತಿಸುವವರಿಗೆ 2019ರಲ್ಲಿ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಬಂತು. ಇವರ ವಾದ ಸರಳ. ಹೊಸ ಪುಸ್ತಕದಲ್ಲಿ ಎಲ್ಲದಕ್ಕೂ ನಿಯಮವಿದೆ, ಆಟಗಾರ ತನ್ನ ಹಾಳೆಯ ಮೇಲಿನ ಅಂಕಿ ನೋಡುತ್ತಾನೆ. ಹಳೆಯದರಲ್ಲಿ ನಿಯಮ ಕಡಿಮೆ, ಆಟಗಾರ ಬಾಯಿ ತೆರೆದು ತಾನೇನು ಮಾಡುತ್ತೇನೆಂದು ಹೇಳಬೇಕು, ಕತೆ ನಡೆಸುವವನು ಅಲ್ಲೇ ತೀರ್ಪು ಕೊಡಬೇಕು. ‘ಈ ಮನ್ಯಾಗ ಹಿಂಗs ಆಡೂದು’ ಎನ್ನುವ ಹಿರಿಯಳ ಅಧಿಕಾರವನ್ನೇ ಅವರು ಪುಸ್ತಕದ ಕೈಯಿಂದ ಮರಳಿ ಕೇಳುತ್ತಿದ್ದಾರೆ.

ಕತೆ ನಡೆಸುವವನ ಮಾತು ಬಂತೆಂದರೆ ಪಡಸಾಲಿಯಿಂದ ಎದ್ದು ಬಯಲಿಗೆ ಹೋಗಬೇಕು.

ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿದ ರಾಜ ಗೆಜ್ಜೆ ಕುಣಿಸುತ್ತ ಬಂದಾಗ ಅವನನ್ನು ಎದುರುಗೊಳ್ಳುವವನು ಸಾರಥಿ. ಮೈಮೇಲೆ ಅಂಥ ವೇಷವೇನೂ ಇಲ್ಲ, ಬಾಯಿ ಮಾತ್ರ ಚುರುಕು. ತಾವು ಯಾರು, ಯಾವ ದೇಶ, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜ ತನ್ನ ಬಿರುದಾವಳಿ ಬಿಚ್ಚುತ್ತಾನೆ. ಅಲ್ಲಿಂದ ಮುಂದೆ ಆ ಹೊಲದ ಆಳು ರಾಜನೇ. ಸಾರಥಿ ಪ್ರತಿ ಪಾತ್ರದ ಜೊತೆಗೂ ಮಾತಾಡುತ್ತಾನೆ, ಕತೆಯನ್ನು ಮುಂದೆ ತಳ್ಳುತ್ತಾನೆ, ಎಡವಿದವನನ್ನು ಎತ್ತುತ್ತಾನೆ, ನಡುವೆ ಊರಗೌಡನ ಕಾಲೆಳೆದು ನಗಿಸುತ್ತಾನೆ. ಅಮೆರಿಕದ ಆಟದಲ್ಲಿ ಡಂಜನ್ ಮಾಸ್ಟರ್ ಮಾಡುವ ಕೆಲಸಕ್ಕೆ ಇಷ್ಟು ಹತ್ತಿರದ ಇನ್ನೊಂದು ಹುದ್ದೆ ಹುಡುಕುವುದು ಕಷ್ಟ.

ಶ್ರೀಕೃಷ್ಣ ಪಾರಿಜಾತದಲ್ಲಿ ಈ ಕೆಲಸ ಭಾಗವತನದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅಚ್ಚುಮೆಚ್ಚಿನ ಆಟ ಅದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು. ಕತೆ ಇಷ್ಟೇ. ಇಷ್ಟನ್ನೇ ಹಿಡಿದು ಬೆಳಗಿನವರೆಗೆ ಆಡುತ್ತಿದ್ದರು. ಹಾಡು ಗೊತ್ತಾದದ್ದು, ಹಾಡಿನ ನಡುವಿನ ಮಾತು ಗೊತ್ತಾದದ್ದಲ್ಲ. ಭಾಗವತ ಏನು ಕೆಣಕುತ್ತಾನೋ, ಭಾಮೆ ಅದಕ್ಕೆ ಏನು ಎಸೆಯುತ್ತಾಳೋ, ದೂತಿ ನಡುವೆ ಏನು ಸೇರಿಸುತ್ತಾಳೋ, ಅದು ಆ ರಾತ್ರಿಯದು. ಮರುದಿನ ಇನ್ನೊಂದು ಊರಲ್ಲಿ ಅದೇ ಮೇಳ ಅದೇ ಜಾಗಕ್ಕೆ ಬಂದಾಗ ಮಾತು ಬೇರೆ.

ಪಾರಿಜಾತಕ್ಕೂ ಆವೃತ್ತಿಗಳುಂಟು. ಮೂಲ ಪಠ್ಯ ಕಟ್ಟಿದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಅದನ್ನು ರಂಗಕ್ಕೆ ಒಗ್ಗಿಸಿ ಊರೂರಿಗೆ ಮುಟ್ಟಿಸಿದವನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ಆಮೇಲೆ ಹಾರ್ಮೋನಿಯಂ, ತಬಲಾ ಸೇರಿದವು, ಧಾಟಿಗೆ ಹಿಂದುಸ್ತಾನಿಯ ಬಣ್ಣ ಹತ್ತಿತು. ಕೌಜಲಗಿ ನಿಂಗಮ್ಮ ಭಾಮೆಯಾಗಿ ನಿಂತ ಮೇಲೆ ಆ ಪಾತ್ರದ ಅಳತೆಯೇ ಬದಲಾಯಿತು. ಈಗ ಬೆಳಗಾಗುವವರೆಗೆ ಕೂರುವವರು ಕಡಿಮೆ. ಸಭೆ-ಸಮಾರಂಭಗಳಿಗೆ ಒಂದು ತಾಸಿನ, ಎರಡು ತಾಸಿನ ಪಾರಿಜಾತ. ಸಮಯ ಕಡಿಮೆಯಾದಾಗ ಮೇಳದವರು ಹಾಡು ಉಳಿಸಿಕೊಂಡು ಮಾತು ಕತ್ತರಿಸುತ್ತಾರೆ, ಅದು ಸಹಜವೂ ಹೌದು. ಆದರೆ ಪಾರಿಜಾತದ ಆಟವೆಲ್ಲ ಇದ್ದದ್ದು ಆ ಮಾತಿನಲ್ಲೇ. ಹಾಡಿಗೆ ಪುಸ್ತಕ ಉಂಟು, ಮಾತಿಗೆ ರಾತ್ರಿಯೊಂದೇ ಇತ್ತು.

ದಾಳವೂ ಪಾತ್ರವೂ ಒಂದೇ ಜಾಗದಲ್ಲಿ ಕೂಡಿದ ಪ್ರಸಂಗ ಒಂದಿದೆ, ಅದೂ ಇದೇ ಜಿಲ್ಲೆಯ ಕವಿಗಳನ್ನು ಬಿಡದೆ ಕಾಡಿದ್ದು. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ, ಚಾಲುಕ್ಯರ ಆಸ್ಥಾನಕ್ಕೆ ಹೋಗಿ ‘ಗದಾಯುದ್ಧ’ ಬರೆದ. ಪಗಡೆಯ ಹಾಸಿನ ಮೇಲೆ ಸೋತ ಹೆಂಡತಿಯ ಮುಡಿ, ಭೀಮನ ಪ್ರತಿಜ್ಞೆ, ಕೊನೆಗೆ ದುರ್ಯೋಧನನ ತೊಡೆ. ದಾಳದ ಆಟವೊಂದು ಹದಿನೆಂಟು ಅಕ್ಷೋಹಿಣಿಯನ್ನು ತಿಂದ ಮೇಲೆ ಉಳಿದ ಲೆಕ್ಕವೇ ಆ ಕಾವ್ಯ. ಸಾವಿರ ವರ್ಷದ ಆಚೆ ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿದ ಹನುಮಂತರಾಯರು ಅದೇ ಕತೆಯನ್ನು ಕಂಪನಿ ನಾಟಕಕ್ಕೆ ತಂದರು. ‘ಅಕ್ಷಯಾಂಬರ’, ‘ಕುರುಕ್ಷೇತ್ರ’, ‘ರಕ್ತರಾತ್ರಿ’. ಕನ್ನಡದ ಶೇಕ್ಸ್‌ಪಿಯರ್ ಎಂದು ಜನ ಅವರನ್ನು ಕರೆದರು, ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರಿದೆ. ‘ರಕ್ತರಾತ್ರಿ’ಯ ಶಕುನಿ ಮಾಡಲು ಇಂದಿಗೂ ಹಳ್ಳಿಯ ಹವ್ಯಾಸಿಗಳಲ್ಲಿ ಪೈಪೋಟಿ. ಸಂಭಾಷಣೆಯ ಪುಸ್ತಕ ಬಾಯಿಪಾಠ, ಆದರೂ ಪ್ರತಿ ಊರಿನ ಶಕುನಿಯ ನಗು ಬೇರೆ, ದಾಳ ಉಜ್ಜುವ ಬಗೆ ಬೇರೆ.

ರಂಗದ ಮೇಲಿನ ಆ ದಾಳಕ್ಕೆ ಒಂದು ವಿಶೇಷ. ಅದು ಎಂದೂ ತಪ್ಪಿ ಬೀಳುವುದಿಲ್ಲ. ಧರ್ಮರಾಜ ಸೋಲಲೇಬೇಕು. ಪಡಸಾಲಿಯಲ್ಲಿ ಗರ ಏನು ಬೀಳುತ್ತದೋ ಯಾರಿಗೂ ತಿಳಿಯದು, ಆದರೆ ಅಲ್ಲಿ ಕತೆಯಿಲ್ಲ. ಬಯಲಿನಲ್ಲಿ ಕತೆಯಿದೆ, ಆದರೆ ಗರ ಮೊದಲೇ ತಿಳಿದಿದೆ. ಶಕುನಿಯ ದಾಳ ಒಮ್ಮೆ ಮಗುಚಿ ಬಿದ್ದು ಧರ್ಮರಾಜ ಗೆದ್ದಿದ್ದರೆ ಮುಂದೇನು ಎಂದು ಕೇಳಿ, ಅದನ್ನು ಆಡಿಯೇ ನೋಡುವ ಹಟ ಇಲ್ಲಿ ಯಾರಿಗೂ ಹತ್ತಲಿಲ್ಲ. ಲೇಕ್ ಜಿನೀವಾದವರು ಮಾಡಿದ್ದು ಅಷ್ಟೇ. ಮಹಾಭಾರತ ಬಲ್ಲ ಜನರಿಗೆ ಅಂಥ ಪ್ರಶ್ನೆ ಪಾಪವೆನಿಸಿತೋ ಏನೋ.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವೆರಡರ ಪಳೆಯುಳಿಕೆಯನ್ನು ಒಟ್ಟಿಗೆ ನೋಡಬಹುದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆ ಅದು. ಕಟ್ಟಿಗೆಯ ಬಾಗಿಲು, ಚೌಕಟ್ಟು ಮಾರುವ ಸಾಲಿನ ಆಚೆ ಒಂದರ ಪಕ್ಕ ಒಂದು ನಾಟಕ ಕಂಪನಿಗಳ ತಗಡಿನ ಥೇಟರು. ಹುನಗುಂದ ಸೀಮೆಯ ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಗಳನ್ನು ಬೆಳೆಸಿದ್ದು ಇಂಥ ಜಾತ್ರೆಗಳ ಗಲ್ಲಾಪೆಟ್ಟಿಗೆಯೇ. ಅಲ್ಲೇ ಆಟಿಕೆ ಅಂಗಡಿಗಳಲ್ಲಿ ಒಂದು ಕಡೆ ಲೂಡೊ, ಇನ್ನೊಂದು ಕಡೆ ಹಾವು-ಏಣಿ ಅಚ್ಚಾದ ಹಾಳೆ ನೇತಾಡುತ್ತಿರುತ್ತದೆ. ಚೌಕಾಬಾರಾದ ಹಾಳೆ ಮಾತ್ರ ಅಪರೂಪ. ಅದನ್ನು ಕೊಳ್ಳುವ ಅಗತ್ಯವೇ ಈ ಕಡೆಯವರಿಗೆ ಬಂದಿರಲಿಲ್ಲ, ನೆಲವಿತ್ತು.

ನೆಲವೂ ಹೋದ ಊರು ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಹಳೆಯ ಊರಿನ ಓಣಿ ಓಣಿಗಳು ಮುಳುಗಡೆಯ ಪಟ್ಟಿ ಸೇರಿದವು, ಜನ ನವನಗರದ ಸೆಕ್ಟರುಗಳಿಗೆ ಹಂಚಿಹೋದರು. ಹೊಸ ಮನೆಗಳಿಗೆ ಟೈಲ್ಸ್ ಇದೆ, ಓಣಿಯವರೆಲ್ಲ ಬಂದು ಕೂರುವ ಕಟ್ಟೆ, ಪಡಸಾಲಿ ಇಲ್ಲ. ಚೌಕಾಬಾರಾ ಉಳಿಯಲು ಕವಡಿಗಿಂತ ಹೆಚ್ಚಾಗಿ ಬೇಕಾದದ್ದು ಮಧ್ಯಾಹ್ನದ ಬಿಡುವು ಮತ್ತು ಹೇಳದೆ ಕೇಳದೆ ಒಳಗೆ ಬರುವ ನೆರೆಯವರು. ಇಳಕಲ್ಲಿನ ಕುಣಿಮಗ್ಗದ ಮನೆಗಳಲ್ಲಿ ಇದು ಇನ್ನೂ ಸ್ವಲ್ಪ ಉಳಿದಿದೆ. ನೇಯುವ ಕೆಲಸಕ್ಕೆ ಮನೆಯೇ ಕಾರ್ಖಾನೆ, ಹಾಗಾಗಿ ಜನ ಮನೆಯಲ್ಲೇ ಇರುತ್ತಾರೆ.

ಬಯಲಾಟಕ್ಕೆ ಈಗ ಸರ್ಕಾರದ ಪ್ರತ್ಯೇಕ ಅಕಾಡೆಮಿ ಇದೆ, ಅದರ ಕಚೇರಿ ಇರುವುದು ಬಾಗಲಕೋಟೆಯಲ್ಲೇ. ಪ್ರಶಸ್ತಿ, ಶಿಬಿರ ನಡೆಯುತ್ತವೆ. ಪಡಸಾಲಿಯ ಆಟಕ್ಕೆ ಅಕಾಡೆಮಿ ಇಲ್ಲ, ಬೇಕಾಗಿಯೂ ಇಲ್ಲ. ಬೇಕಾದದ್ದು ಒಂದು ನೋಟುಬುಕ್ಕು. ಅಮೆರಿಕದ ಹಳೆಯ ಆವೃತ್ತಿಯ ಪ್ರಿಯರಿಗೆ 1974ರ ಹೊತ್ತಿಗೆ ಕೈಗೆ ಸಿಗುತ್ತದೆ, ತಿರುವಿ ಹಾಕಿ ವಾದಿಸಬಹುದು. ಇಲ್ಲಿನ ಆವೃತ್ತಿಗಳು ಇರುವುದು ಎಪ್ಪತ್ತು, ಎಂಬತ್ತು ದಾಟಿದವರ ನೆನಪಿನಲ್ಲಿ. ಈ ಪಂಚಮಿಗೆ ಹುನಗುಂದಕ್ಕೋ ಬಾದಾಮಿಗೋ ಇಳಕಲ್ಲಿಗೋ ಹೋದವರು ಮನೆಯ ಹಿರಿಯರ ಮುಂದೆ ಕೂತು ಕೇಳಿ ಬರೆದುಕೊಳ್ಳಲಿ. ಕವಡಿ ನಾಲ್ಕೋ ಐದೋ? ಕಾಯಿ ಹೂಡಲು ಯಾವ ಗರ ಬೀಳಬೇಕು? ಕಡಿಯದೆ ಒಳಗೆ ಬಿಡುತ್ತಿದ್ದರೋ ಇಲ್ಲವೋ? ಜೋಡಿಯನ್ನು ಏನೆಂದು ಕರೆಯುತ್ತಿದ್ದರು? ಹುಲಿ ಎಷ್ಟು ಆಡು ತಿಂದರೆ ಗೆದ್ದಂತೆ? ಬರೆದ ಹಾಳೆಯ ಮೇಲೆ ಊರಿನ ಹೆಸರು, ಹೇಳಿದವರ ಹೆಸರು, ತೇದಿ ಹಾಕುವುದನ್ನು ಮರೆಯಬೇಡಿ.